ಗರಿ ಮಗುಚುವ ಕೈ

ಸುನಂದಳ ಅಂಗೈ ಯಾವಾಗಲೂ ಒಣಗಿರುತ್ತಿತ್ತು. ನನ್ನ ಬಾಲ್ಯವನ್ನು ಯೋಚಿಸಿದಾಗ ಮೊದಲು ಬರುವುದು ಮನೆಯ ಚಾವಡಿಯಲ್ಲ, ಅಮ್ಮನ ಮುಖವೂ ಅಲ್ಲ, ನನ್ನ ಸೋದರತ್ತೆಯ ಮಗಳ ಈ ಅಂಗೈ. ಕಾರ್ಕಳದ ಕರಿಬಂಡೆಗಳು ಹಗಲಿಡೀ ಕುಡಿದ ಬಿಸಿಲನ್ನು ಸಂಜೆ ನಮ್ಮ ಮೇಲೆ ಉಗುಳುವ ಸೆಖೆಗಾಲದಲ್ಲೂ ಅವಳ ಕೈ ಬೈಹುಲ್ಲಿನ ಮುಡಿಯೊಳಗೆ ಕಟ್ಟಿಟ್ಟ ಅಕ್ಕಿಯ ಹಾಗೆ ತಣ್ಣಗಿರುತ್ತಿತ್ತು. ನನ್ನ ಕೈ ಬೆವರುತ್ತಿತ್ತು. ಪೆನ್ಸಿಲು ಜಾರುತ್ತಿತ್ತು, ಪರೀಕ್ಷೆಯ ಹಾಳೆಯ ಮೂಲೆ ಸುರುಟಿಕೊಳ್ಳುತ್ತಿತ್ತು, ಆಟದಲ್ಲಿ ನನ್ನ ಕೈ ಹಿಡಿದ ಹುಡುಗಿಯರು ಬಿಟ್ಟ ಕೂಡಲೇ ಲಂಗಕ್ಕೆ ಒರಸಿಕೊಳ್ಳುತ್ತಿದ್ದರು. ಸುನಂದ ಒರಸಿಕೊಳ್ಳುತ್ತಿರಲಿಲ್ಲ. ಅದನ್ನೂ ನಾನು ಅವಳ ಲೆಕ್ಕಕ್ಕೆ ಜಮೆ ಮಾಡಲಿಲ್ಲ; ಒಣಗಿದ ಕೈಯವಳಿಗೆ ದೊಡ್ಡತನ ಸುಲಭ ಎಂದುಕೊಂಡೆ. ಇದೆಲ್ಲ ನಾನು ದಿನಚರಿ ಬರೆಯತೊಡಗುವುದಕ್ಕಿಂತ ಹಿಂದಿನದು. ಬರೆದಿಟ್ಟ ವರ್ಷಗಳ ಬಗ್ಗೆಯೇ ನನಗೆ ಅನುಮಾನಗಳಿರುವಾಗ ಅದಕ್ಕೂ ಹಿಂದಿನದಕ್ಕೆ ಹೊಟ್ಟೆಕಿಚ್ಚೊಂದೇ ಸಾಕ್ಷಿ. ಹೊಟ್ಟೆಕಿಚ್ಚಿಗೆ ನೆನಪು ಚುರುಕು. ಆದರೆ ಅದು ಪ್ರಾಮಾಣಿಕ ಸಾಕ್ಷಿ ಎಂದು ನಾನು ಪ್ರಮಾಣ ಮಾಡಲಾರೆ.

ನಾವು ಇದ್ದದ್ದು ಅಪ್ಪನ ತಾಯಿಯ ಮನೆಯಲ್ಲಿ. ಚಾವಡಿ, ಅದರ ಹಿಂದೆ ಮರದ ಕಂಬಗಳ ಒಳಕೋಣೆ, ಅದಕ್ಕೂ ಹಿಂದೆ ಹೊಗೆ ಹಿಡಿದ ಅಡಿಗೆಮನೆ. ಎಡಕ್ಕೆ ದೇವರ ಕೋಣೆ, ಅದಕ್ಕೆ ತಾಗಿದ ಕತ್ತಲೆ ಕೋಣೆಯಲ್ಲಿ ಅಕ್ಕಿ ಮುಡಿಗಳು, ಉಪ್ಪಿನಕಾಯಿಯ ಭರಣಿಗಳು ಮತ್ತು ಗ್ರಂಥದ ಪೆಟ್ಟಿಗೆ. ಮನೆಯ ಯಜಮಾನರು ಅಜ್ಜಿಯ ಅಣ್ಣ. ನಾವು ಅವರನ್ನು ದೊಡ್ಡಜ್ಜ ಎನ್ನುತ್ತಿದ್ದೆವು. ನಮ್ಮಲ್ಲಿ ಸೂರ್ಯ ಮುಳುಗಿದ ಮೇಲೆ ಯಾರೂ ಉಣ್ಣುವುದಿಲ್ಲ. ಹಾಗಾಗಿ ಸಂಜೆಯ ಅಡಿಗೆಮನೆಯಲ್ಲಿ ಕೊನೆಯ ಬಸ್ಸು ಹಿಡಿಯುವವರ ಅವಸರ. ಅಮ್ಮ ಕುಚ್ಚಲಕ್ಕಿಯ ಗಂಜಿ ಇಳಿಸುತ್ತ, ಅತ್ತೆ ಹಲಸಿನ ಗುಜ್ಜೆಯ ಪಲ್ಯಕ್ಕೆ ಕಾಯಿ ತುರಿಯುತ್ತ, ಇಬ್ಬರೂ ಮಾತಿಲ್ಲದೆ ಒಬ್ಬರ ಮೊಣಕೈಗೆ ಇನ್ನೊಬ್ಬರು ತಾಗದಂತೆ ಓಡಾಡುತ್ತಿದ್ದರು. ಬಟಾಟೆ, ನೀರುಳ್ಳಿ ಆ ಒಲೆಯನ್ನು ಕಂಡದ್ದಿಲ್ಲ. ಊಟ ಮುಗಿದ ಮೇಲೂ ಹೊರಗೆ ಬೆಳಕು ಉಳಿದಿರುತ್ತಿತ್ತು. ಮಾಡಲು ಕೆಲಸವಿಲ್ಲದ ಆ ಬೆಳಕಿನಲ್ಲಿಯೇ ನಮ್ಮ ಮನೆಯ ಜಗಳಗಳೆಲ್ಲ ನಡೆಯುತ್ತಿದ್ದವು. ದೀಪ ಹಚ್ಚಿದ ಕೂಡಲೇ ನಿಲ್ಲುತ್ತಿದ್ದವು.

ಆ ಮನೆಯಲ್ಲಿ ಬೆಳೆದರೂ ನಾನು ಆ ಮನೆಯವಳಲ್ಲ. ನಮ್ಮ ಸೀಮೆಯ ಜೈನರಲ್ಲಿ ಮನೆತನ ಹರಿಯುವುದು ಹೆಣ್ಣಿನ ಕಡೆಯಿಂದ. ಯಜಮಾನಿಕೆ ಗಂಡಸಿನದೇ ಆದರೂ ಅವನ ನಂತರ ಮನೆ, ಗದ್ದೆ, ದೇವರು ಎಲ್ಲವೂ ಹೋಗುವುದು ಅವನ ಮಕ್ಕಳಿಗಲ್ಲ, ಅಕ್ಕತಂಗಿಯರ ಮಕ್ಕಳಿಗೆ. ಅಪ್ಪ ಆ ಮನೆಯವರು. ಅವರ ಅಕ್ಕ, ಅಂದರೆ ನನ್ನ ಅತ್ತೆ, ಆ ಮನೆಯವಳು. ಅತ್ತೆಯ ಮಗಳಾದ್ದರಿಂದ ಸುನಂದಳೂ ಆ ಮನೆಯವಳು. ನಾನು ಅಮ್ಮನ ಮನೆಗೆ, ಅಂದರೆ ಇನ್ನಂಜೆಗೆ ಸೇರಿದವಳು. ಇನ್ನಂಜೆಗೆ ನಾನು ಹೋಗುತ್ತಿದ್ದದ್ದು ರಜೆಯಲ್ಲಿ ಮಾತ್ರ. ಅಲ್ಲಿ ಗದ್ದೆಗಳಿದ್ದವು, ಮುದ್ದು ಮಾಡುವ ಮಾವಂದಿರಿದ್ದರು, ಗ್ರಂಥ ಇರಲಿಲ್ಲ. ಕಾನೂನು ಬದಲಾಗಿದೆ ಎಂದು ಅಪ್ಪ ಆಗಾಗ ಹೇಳುತ್ತಿದ್ದರು. ದೇವರ ಕೋಣೆಯ ಹೊಸ್ತಿಲನ್ನು ಆ ಕಾನೂನು ಇನ್ನೂ ದಾಟಿರಲಿಲ್ಲ.

ಗ್ರಂಥವೆಂದರೆ ಶ್ರೀತಾಳೆಯ ಅಗಲವಾದ ಗರಿಗಳ ಕಟ್ಟು. ಮೇಲೊಂದು ಕೆಳಗೊಂದು ಹಲಗೆ, ತೂತುಗಳಲ್ಲಿ ಪೋಣಿಸಿದ ದಾರ, ಸುತ್ತ ಕೆಂಪು ಬಟ್ಟೆ. ಎಲ್ಲ ಗರಿಗಳಲ್ಲೂ ಮಸಿಯ ಬರಹ. ಮೊದಲ ಕೆಲವು ಗರಿಗಳಲ್ಲಿ ಮಾತ್ರ ಬರಹದ ಎರಡು ತುದಿಗೂ ಚಿತ್ರ. ಎಷ್ಟು ಹಳತು ಎಂದು ಕೇಳಿದರೆ ದೊಡ್ಡಜ್ಜ, ಬಸದಿಗಳಿಗೆ ಕಲ್ಲು ಹೊರುತ್ತಿದ್ದ ಕಾಲದ್ದು ಎನ್ನುತ್ತಿದ್ದರು. ಯಾರೋ ರಾಣಿಯೋ, ಸೆಟ್ಟಿಯ ಹೆಂಡತಿಯೋ ವ್ರತ ಮುಗಿಸಿದ ಪುಣ್ಯಕ್ಕೆ ಬರೆಸಿ ದಾನ ಕೊಟ್ಟದ್ದಂತೆ. ಬೆಂಕಿಪೆಟ್ಟಿಗೆಯಷ್ಟು ಎತ್ತರದ ಗರಿಯಲ್ಲಿ ಒಂದು ಲೋಕವೇ ಇತ್ತು. ಇಂಗಲೀಕದ ಕೆಂಪು ನೆಲದ ಮೇಲೆ ಅರದಾಳದ ಹಳದಿಯಲ್ಲಿ ಪದ್ಮಾಸನ ಹಾಕಿ ಕುಳಿತ ತೀರ್ಥಂಕರ. ಮಾವಿನ ಗೊಂಚಲು ಹಿಡಿದ ಯಕ್ಷಿ, ಅವಳ ಮಡಿಲಲ್ಲಿ ಮಗು. ಬಲತುದಿಯ ತೀರ ಅಂಚಿನಲ್ಲಿ, ಇನ್ನೊಂದು ಕಾಳಿನಷ್ಟು ಸರಿದರೆ ಗರಿಯಿಂದ ಬಿದ್ದೇ ಹೋಗುವಂತೆ ನಿಂತ ಚಾಮರದ ಹೆಣ್ಣು. ಮೂಗುತಿ, ಕಿವಿಯ ತನಕ ಎಳೆದ ಕಣ್ಣು, ಏನನ್ನೋ ತಡೆದುಕೊಂಡಂಥ ತುಟಿ. ಯಕ್ಷಿಯನ್ನು ಯಾರು ಬೇಕಾದರೂ ಇಟ್ಟುಕೊಳ್ಳಲಿ, ಈ ಅಂಚಿನವಳು ನನ್ನವಳು ಎಂದು ನಾನು ನಿಶ್ಚಯಿಸಿದ್ದೆ.

ಶಾಸ್ತ್ರವನ್ನು ಪೂಜಿಸುವ ಶ್ರುತಪಂಚಮಿಯ ಬೆಳಿಗ್ಗೆ, ವರ್ಷಕ್ಕೊಮ್ಮೆ, ಈ ಕಟ್ಟನ್ನು ಬಿಚ್ಚುತ್ತಿದ್ದರು. ಗರಿ ಮಗುಚುವುದು ಇಬ್ಬರ ಕೆಲಸ. ತಗ್ಗಾದ ಪೀಠದ ಎಡಕ್ಕೆ ದೊಡ್ಡಜ್ಜ ಕೂತು ಓದುತ್ತಿದ್ದರು. ಬಲಕ್ಕೆ ಒಂದು ಮಗು ಕೂತು, ಅವರು ಎಡತುದಿ ಎತ್ತಿದಾಗ ತಾನು ಬಲತುದಿ ಎತ್ತಿ, ಗರಿ ಬಾಗದಂತೆ ಆಚೆಗೆ ಮಗುಚಬೇಕು. ಮಗುವೇ ಯಾಕೆಂದರೆ ಸಣ್ಣ ಬೆರಳು ಕಡಿಮೆ ಜಾಗ ಹಿಡಿಯುತ್ತದೆ. ಅಂದು ಗರಿ ಮಗುಚಿದ ಮಗುವಿಗೇ ಮೊದಲು ಬಡಿಸುವ ಕ್ರಮ. ಹಿರಿಯರು ಎಲೆಯ ಮುಂದೆ ಕೂತು ಕಾಯಬೇಕು. ಆ ಕೆಲಸ ಮಾಡುತ್ತಿದ್ದ ಅಪ್ಪನ ತಂಗಿ ಚಿಕ್ಕತ್ತೆ ದೊಡ್ಡವಳಾಗಿ ಮದುವೆಯಾಗಿ ಹೋದ ವರ್ಷ ಆ ಜಾಗ ಖಾಲಿಯಾಯಿತು. ಮನೆಯಲ್ಲಿದ್ದ ಮಕ್ಕಳು ಇಬ್ಬರೇ, ಸುನಂದ ಮತ್ತು ನಾನು. ನಾನು ಆ ಜಾಗವನ್ನು ಬಯಸಿದಷ್ಟು ಆಮೇಲೆ ಯಾವ ಕೆಲಸವನ್ನೂ, ಯಾವ ಮನುಷ್ಯನನ್ನೂ ಬಯಸಿದ್ದು ನೆನಪಿಲ್ಲ.

ದೊಡ್ಡಜ್ಜ ನಮ್ಮನ್ನು ಚಾವಡಿಗೆ ಕರೆದು ನನ್ನದೇ ಶಾಲೆಯ ಸ್ಲೇಟನ್ನು ತರಿಸಿದರು. ಒರಸಿ ಒಣಗಿಸಿದ ಸ್ಲೇಟು. ಇಬ್ಬರೂ ಹೆಬ್ಬೆರಳು ಒತ್ತಿ ತೆಗೆಯಬೇಕು. ಸುನಂದ ಒತ್ತಿ ತೆಗೆದಳು. ಸ್ಲೇಟು ಮೊದಲಿದ್ದ ಹಾಗೆಯೇ ಇತ್ತು, ಅವಳು ಅದನ್ನು ಮುಟ್ಟಿಯೇ ಇಲ್ಲವೇನೋ ಎಂಬಂತೆ. ನಾನು ಬೆರಳನ್ನು ಲಂಗಕ್ಕೆ ತಿಕ್ಕಿ, ಉಸಿರು ಬಿಗಿ ಹಿಡಿದು ಒತ್ತಿದೆ. ತೆಗೆದಾಗ ಅಲ್ಲಿ ಕಪ್ಪಗೆ ಒದ್ದೆಯಾದ ಹೆಬ್ಬೆರಳು, ಗೆರೆ ಗೆರೆ ಸಮೇತ. ನಮ್ಮೆಲ್ಲರ ಕಣ್ಣೆದುರು ಅದು ಅಂಚಿನಿಂದ ಒಳಕ್ಕೆ ನಿಧಾನವಾಗಿ ಆರಿತು.

"ಇವಳ ಕೈಯಲ್ಲಿ ಒರತೆ ಉಂಟು," ಎಂದರು ದೊಡ್ಡಜ್ಜ. "ಬೇಸಗೆಯಲ್ಲಿ ಬಾವಿ ಬತ್ತಿದರೆ ಇವಳನ್ನು ಕರೆದರಾಯಿತು."

ಎಲ್ಲರೂ ನಕ್ಕರು. ಸುನಂದಳೂ ನಕ್ಕಳು, ಆದರೆ ನನ್ನ ಮುಖ ನೋಡಿ ನಿಲ್ಲಿಸಿದಳು. ನಕ್ಕದ್ದಕ್ಕಿಂತ ನಿಲ್ಲಿಸಿದ್ದು ನನಗೆ ಹೆಚ್ಚು ಚುಚ್ಚಿತು. ಒದ್ದೆ ತಾಗಿದರೆ ಬಣ್ಣ ಎದ್ದು ಬೆರಳಿಗೆ ಬರುತ್ತದೆ, ಒಮ್ಮೆ ಬಂದದ್ದನ್ನು ಯಾರೂ ತಿರುಗಿ ಹಚ್ಚಲಾರರು ಎಂದು ದೊಡ್ಡಜ್ಜ ಸಮಾಧಾನವಾಗಿಯೇ ವಿವರಿಸಿದರು. ನನಗೆ ಅರ್ಥವಾಯಿತು. ಅರ್ಥವಾದದ್ದು ಯಾವ ಸಹಾಯಕ್ಕೂ ಬರಲಿಲ್ಲ.

ಅಂದು ಸಂಜೆ, ಊಟ ಮುಗಿದ ಮೇಲಿನ ಆ ಬೆಳಕಿನಲ್ಲಿ, ಅಡಿಗೆಮನೆಯ ಹಿಂದಿನ ಜಗಲಿಯಲ್ಲಿ ಅಮ್ಮ ಪಾತ್ರೆ ಕವಚಿ ಹಾಕುತ್ತ ಅಪ್ಪನಿಗೆ ಹೇಳಿದಳು. ಹೇಳಿದ್ದು ಅಪ್ಪನಿಗೆ, ಕೇಳಿಸಬೇಕಾದದ್ದು ಅತ್ತೆಗೆ.

"ಕೈ ಬೆವರುತ್ತದಂತೆ. ಈ ಮನೆಯ ಮಗಳಾಗಿದ್ದರೆ ಅದೇ ಬೆವರಿಗೆ ಪನ್ನೀರು ಅಂತ ಹೆಸರಿಡುತ್ತಿದ್ದರು."

ಅತ್ತೆ ಒಳಗಿನಿಂದ ಹೊರಗೆ ಬರಲಿಲ್ಲ. ಧ್ವನಿಯನ್ನೂ ಏರಿಸಲಿಲ್ಲ.

"ಶಾಂತಾ, ಇದು ಯಾರ ಮನೆಯ ಬೆವರು ಅಂತ ಬಣ್ಣಕ್ಕೆ ಎಂತ ಗೊತ್ತಾಗುತ್ತದೆ?"

ಅಪ್ಪ ಎದ್ದು ಬಾವಿಕಟ್ಟೆಯ ಕಡೆಗೆ ಹೋದರು. ಅವರು ಯಾರ ಪರವಾಗಿಯೂ ಮಾತಾಡುವ ಹಾಗಿರಲಿಲ್ಲ. ಆ ಮನೆಯಲ್ಲಿ ಅವರು ಅತ್ತೆಯ ತಮ್ಮನೂ ಹೌದು, ನನ್ನ ಅಪ್ಪನೂ ಹೌದು. ಅಮ್ಮ, ಅತ್ತೆಯರ ಈ ಎರಡು ಮಾತುಗಳನ್ನು ನಾನು ಬಾಗಿಲ ಹಿಂದೆ ನಿಂತು ಕೇಳಿದೆನೆಂದು ಬಹಳ ಕಾಲ ನಂಬಿದ್ದೆ. ಈಗ ಅಷ್ಟು ಖಾತ್ರಿಯಿಲ್ಲ. ಅಮ್ಮನ ಮಾತು ತೀರ ನಯವಾಗಿದೆ. ವರ್ಷಗಟ್ಟಲೆ ಹೇಳಿ ಹೇಳಿ ತಿಕ್ಕಿದ ಮಾತಿನ ಹಾಗಿದೆ. ಅಮ್ಮ ಅದನ್ನು ಇನ್ನಂಜೆಯಲ್ಲಿ ತನ್ನ ಅಣ್ಣಂದಿರ ಮುಂದೆ ಎಷ್ಟು ಸಲ ಹೇಳಿರಬಹುದೆಂದರೆ, ಅಲ್ಲಿ ಕೇಳಿದ್ದನ್ನೇ ನಾನು ಕಾರ್ಕಳದ ಬಾಗಿಲ ಹಿಂದೆ ತಂದು ನಿಲ್ಲಿಸಿರಬಹುದು. ಆದರೆ ಅಂದಿನಿಂದ ಆ ಜಾಗ ಸಿಗದ್ದಕ್ಕೆ ನನಗೆ ಒಂದಲ್ಲ, ಎರಡು ಕಾರಣಗಳಿದ್ದವು. ಕೈಯ ಮೇಲೆ ಸಿಟ್ಟು ಬಂದಾಗ ಮನೆತನವನ್ನು ಬೈಯುತ್ತಿದ್ದೆ. ಮನೆತನ ಸಾಕೆನಿಸಿದಾಗ ಕೈಯನ್ನು.

ಸೋಲನ್ನು ನಾನು ಒಪ್ಪಿಕೊಳ್ಳಲಿಲ್ಲ. ಒಲೆಯ ಬೂದಿಯನ್ನು ಅಂಗೈಗೆ ತಿಕ್ಕಿದೆ, ಅಕ್ಕಿಹಿಟ್ಟು ಹಚ್ಚಿದೆ, ಅಪ್ಪ ಗಡ್ಡ ತೆಗೆದ ಮೇಲೆ ಹಚ್ಚುವ ಪಟಿಕದ ತುಂಡನ್ನು ಕದ್ದು ಉಜ್ಜಿದೆ. ಚರ್ಮ ಬಿರಿಯಿತು, ಬಿರುಕಿನಿಂದಲೂ ಬೆವರು ಬಂತು. ಸ್ಲೇಟಿನ ಪರೀಕ್ಷೆಯನ್ನು ನಾನೊಬ್ಬಳೇ ಕತ್ತಲೆ ಕೋಣೆಯಲ್ಲಿ ಮತ್ತೆ ಮತ್ತೆ ಮಾಡಿಕೊಂಡೆ. ಕೊನೆಗೆ ಬೇರೆ ದಾರಿ ಕಾಣದೆ ನೋಡಲು ಕಲಿತೆ. ಶ್ರುತಪಂಚಮಿಯಂದು ಸುನಂದಳ ಬೆನ್ನ ಹಿಂದೆ ಮೊಣಕಾಲೂರಿ ಕೂತು, ಅವಳ ಭುಜದ ಮೇಲಿನಿಂದ, ಒಂದು ಗರಿಯಿಂದ ಇನ್ನೊಂದಕ್ಕೆ ಹೋಗುವಷ್ಟರೊಳಗೆ ಕಣ್ಣಲ್ಲಿ ಹಿಡಿಯುವಷ್ಟನ್ನು ಹಿಡಿದೆ. ಬಳ್ಳಿಯ ಸುಳಿ ಎಡಕ್ಕೆ ತಿರುಗುತ್ತದೋ ಬಲಕ್ಕೋ, ಯಕ್ಷಿಯ ಮಗುವಿನ ಕಾಲು ಎಷ್ಟು ಕಾಣುತ್ತದೆ, ಕೆಂಪಿನ ಅಂಚಿಗೆ ಕಪ್ಪು ಗೆರೆ ಎಲ್ಲಿ ತಪ್ಪಿದೆ, ಎಲ್ಲ. ಹಾಗೆ ಹಿಡಿದದ್ದನ್ನು ಮುಂದಿನ ವರ್ಷದ ತನಕ ಬಾಯಿಪಾಠ ಮಾಡಿಕೊಳ್ಳುತ್ತಿದ್ದೆ. ಸುನಂದ ಗರಿ ಮಗುಚುವುದನ್ನು ಚೆನ್ನಾಗಿಯೇ ಮಾಡುತ್ತಿದ್ದಳು, ಆದರೆ ನೋಡುತ್ತಿರಲಿಲ್ಲ. ಅವಳ ಗಮನವೆಲ್ಲ ದೊಡ್ಡಜ್ಜನ ಕೈಯ ಮೇಲೆ, ಅವರು ಯಾವಾಗ ಎತ್ತುತ್ತಾರೆ ಎಂಬುದರ ಮೇಲೆ. ಅಂಥವಳಿಗೆ ಆ ಜಾಗ ಸಿಕ್ಕಿತ್ತು.

ಒಂದು ವರ್ಷ ದೂರದ ನೆಂಟರು ಬಂದು ಚಾವಡಿ ತುಂಬಿತ್ತು. ಚಿತ್ರದ ಗರಿಯಲ್ಲಿ ದೊಡ್ಡಜ್ಜ ಓದು ನಿಲ್ಲಿಸಿ, ಮನೆಯ ಮಗಳನ್ನು ನಾಲ್ಕು ಜನರ ಮುಂದೆ ಮೆರೆಸುವ ಉಮೇದಿನಲ್ಲಿ, ಕೊನೆಯಲ್ಲಿ ನಿಂತವಳ ಕೈಯಲ್ಲಿ ಎಂತ ಉಂಟು ಎಂದು ಸುನಂದಳನ್ನು ಕೇಳಿದರು. ಅವಳು ಗರಿಯನ್ನು ಎತ್ತಿ ಹಿಡಿದಿದ್ದಳು. ಕೈ ಬಿಡುವ ಹಾಗಿಲ್ಲ, ಇಣುಕುವ ಹಾಗಿಲ್ಲ. ಹೂವು ಎಂದಳು.

"ಚಾಮರ," ಎಂದೆ ನಾನು ಹಿಂದಿನಿಂದ. "ಬಲಗೈಯಲ್ಲಿ ಚಾಮರ. ಎಡಗೈ ಸೊಂಟದ ಮೇಲೆ. ಸೀರೆಗೆ ಮೂರು ಪಟ್ಟಿ, ನಡುವಿನದು ಹಸಿರು."

ದೊಡ್ಡಜ್ಜ ತಿರುಗಿ ನೋಡಲಿಲ್ಲ. ಕಣ್ಣು ಗರಿಯ ಮೇಲೆಯೇ ಇತ್ತು, ನಾನು ಹೇಳಿದ್ದನ್ನು ಒಂದೊಂದಾಗಿ ತಾಳೆ ನೋಡುತ್ತಿದ್ದರೆಂದು ಕಾಣುತ್ತದೆ. ಆಮೇಲೆ ಹೇಳಿದರು:

"ಕಣ್ಣು ಬೆವರುವುದಿಲ್ಲ, ಒಳ್ಳೆಯದಾಯಿತು."

ಚಾವಡಿ ನಕ್ಕಿತು. ಅಪ್ಪ ಇದನ್ನು ಆಶೀರ್ವಾದವೆಂದು ತಿಳಿದರು, ಅಮ್ಮ ಅವಮಾನವೆಂದು. ನಾನು ವಯಸ್ಸಿಗೆ ತಕ್ಕಂತೆ ಒಮ್ಮೆ ಅದು, ಒಮ್ಮೆ ಇದು ಎಂದುಕೊಳ್ಳುತ್ತ ಬಂದಿದ್ದೇನೆ. ಅಂದು ಊಟಕ್ಕೆ ಕೂತಾಗ ಮೊದಲ ಸೌಟು ಪಾಯಸ ಬಿದ್ದದ್ದು ಸುನಂದಳ ಎಲೆಗೆ. ಅವಳು ತಿನ್ನದೆ ನನ್ನ ಎಲೆಗೂ ಬೀಳುವ ತನಕ ಕಾದಳು. ಯಾರೂ ಹೇಳಿಕೊಟ್ಟದ್ದಲ್ಲ, ಅವಳು ಇದ್ದದ್ದೇ ಹಾಗೆ. ಅವಳು ಜಂಬದವಳಾಗಿದ್ದರೆ ನನ್ನ ಬಾಲ್ಯ ಎಷ್ಟು ಸಲೀಸಾಗಿರುತ್ತಿತ್ತು.

ನಾನು ಕಲಿತದ್ದು, ಕಲಿಸಿದ್ದು ಮಣಿಪಾಲದಲ್ಲಿ. ವಿಷಯ, ಚಿತ್ರವಿರುವ ಹಳೆಯ ಹಸ್ತಪ್ರತಿಗಳು. ಯಾಕೆ ಇದನ್ನೇ ಆರಿಸಿದಿರಿ ಎಂದು ಕೇಳಿದವರಿಗೆ ಮನೆಯ ಸಂಸ್ಕಾರ ಎಂದು ಹೇಳಿದ್ದೇನೆ. ಅದು ಸುಳ್ಳಲ್ಲ. ಗ್ರಂಥಾಲಯದಲ್ಲಿ ಮೊದಲ ಸಲ ಯುರೋಪಿನ ಮಠಗಳ ಹಸ್ತಪ್ರತಿಗಳ ಬಣ್ಣದ ಪುಸ್ತಕವನ್ನು ಬಿಡಿಸಿದ ದಿನ ನೆನಪಿದೆ. ಕರುವಿನ ಚರ್ಮದ ಹಾಳೆ, ಒಂದು ಅಕ್ಷರದ ಹೊಟ್ಟೆಯೊಳಗೆ ಒಂದು ಊರು, ಮೇಲೆ ಚಿನ್ನದ ರೇಕು. ಎಲ್ಲರೂ ಚಿನ್ನವನ್ನು ನೋಡುತ್ತಾರೆ. ನಾನು ಯೋಚಿಸಿದ್ದು ಬರೆದವರ ಕೈಯನ್ನು. ಅವರದು ಚಳಿಯ ದೇಶ. ಮಸಿಯೇ ಹೆಪ್ಪುಗಟ್ಟುವ ಕೋಣೆಗಳಲ್ಲಿ ಆ ಸನ್ಯಾಸಿಗಳು ಕೂತು ಬರೆದದ್ದು. ಅಂಥಲ್ಲಿ ಯಾರ ಕೈ ಬೆವರುತ್ತದೆ? ಸತ್ತು ಎಷ್ಟೋ ಶತಮಾನಗಳಾದ, ಹೆಸರೂ ಉಳಿಯದ ಆ ಗಂಡಸರ ಮೇಲೆ ನನಗೆ ಹೊಟ್ಟೆ ಉರಿಯಿತು. ಆಮೇಲೆ ಬೇರೆ ಬೇರೆ ಊರುಗಳ ಗರಿಗಳ ಬಗ್ಗೆ ಬರೆದೆ, ಹೆಚ್ಚಿನವನ್ನು ಫೋಟೋದಲ್ಲಿ ನೋಡಿ. ನಮ್ಮ ಮನೆಯ ಗರಿಗಳ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ಬರೆಯಬೇಕಾದರೆ ಸುನಂದಳ ಒಪ್ಪಿಗೆ ಕೇಳಬೇಕಿತ್ತು. ಅವಳು ಕೂಡಲೇ ಕೊಡುತ್ತಿದ್ದಳು, ಅದೇ ತೊಂದರೆ. ತರಗತಿಯಲ್ಲಿ ಮಾತ್ರ, ಚಿಕ್ಕಂದಿನಲ್ಲಿ ಕಂಡ ಒಂದು ಗರಿ ಎಂದು ಹೇಳಿ ಚಾಮರದ ಹೆಣ್ಣಿನ ಮೂಗುತಿ, ಕಣ್ಣು, ತುಟಿಗಳನ್ನು ಹಲಗೆಯ ಮೇಲೆ ಬಿಡಿಸಿ ತೋರಿಸುತ್ತಿದ್ದೆ.

ಈ ವರ್ಷ ಸುನಂದಳೇ ಫೋನು ಮಾಡಿದಳು. ಗಂಡಸರು ಯಾರೂ ಉಳಿಯದ ಆ ಮನೆಯ ಯಜಮಾನಿಕೆ ಈಗ ಅವಳದು. ಮಣಿಪಾಲದಿಂದ ಗ್ರಂಥದ ಫೋಟೋ ತೆಗೆಯಲು ಬರುತ್ತಾರೆ, ವಿವರ ಬರೆದುಕೊಳ್ಳುತ್ತಾರೆ, ನೀನು ಇರಬೇಕು ಎಂದಳು. "ನಿನಗೆ ಬಿಟ್ಟರೆ ಅದರ ವಿಷಯ ಯಾರಿಗೆ ಗೊತ್ತುಂಟು?" ಇದು ಪ್ರೀತಿಯೋ, ಮನೆಯೊಡತಿ ತೋರುವ ಔದಾರ್ಯವೋ ಎಂದು ಬಸ್ಸಿನಲ್ಲಿ ಉದ್ದಕ್ಕೂ ಯೋಚಿಸಿದೆ. ಅಂಗಳದಲ್ಲಿ ಅವಳು ನನ್ನ ಕೈ ಹಿಡಿದುಕೊಂಡಳು. ಅವಳದು ಈಗಲೂ ಒಣಗಿತ್ತು. ಬಂದವರಲ್ಲಿ ಒಬ್ಬಳು ನನ್ನ ಹಳೆಯ ವಿದ್ಯಾರ್ಥಿನಿ ಶ್ರಾವ್ಯ. ಚಾವಡಿಯಲ್ಲಿ ಕ್ಯಾಮೆರಾ ಹೂಡಿ, ಬಿಳಿ ಬಟ್ಟೆ ಹಾಸಿ, ಲ್ಯಾಪ್‌ಟಾಪು ತೆರೆದು ಕೂತಿದ್ದಳು. ಅವಳು ಎಡಕ್ಕೆ, ಸುನಂದ ಬಲಕ್ಕೆ. ನಾನು ಯಾರೂ ಹೇಳದೆಯೇ ಸುನಂದಳ ಹಿಂದೆ ಹೋಗಿ ಕೂತಿದ್ದೆ. ಶ್ರಾವ್ಯ ಅದನ್ನು ಗಮನಿಸಿ, ಗ್ಲೌಸ್ ಉಂಟು, ಮೇಡಮ್ಮೇ ಮಗುಚಬಹುದು ಎಂದಳು. ಸುನಂದ ಆಗಲೇ ಏಳತೊಡಗಿದ್ದಳು. ಬೇಡ ಎಂದೆ. ರಬ್ಬರಿನ ಕೈಗೆ ಸಿಗುವ ಜಾಗ ನಾನು ಕೇಳಿದ ಜಾಗವಲ್ಲ.

ಚಿತ್ರದ ಗರಿ ಬಂತು. ಹಳದಿ ನಾನು ನೆನಪಿನಲ್ಲಿ ಇಟ್ಟುಕೊಂಡದ್ದಕ್ಕಿಂತ ಗಾಢವಾಗಿತ್ತು. ಯಕ್ಷಿ, ಮಾವಿನ ಗೊಂಚಲು, ಮಗು, ಎಲ್ಲ ಸರಿಯಾಗಿದ್ದವು. ಅಂಚಿನಲ್ಲಿ ಚಾಮರವಿತ್ತು, ಸೊಂಟದ ಮೇಲೆ ಕೈಯಿತ್ತು, ಸೀರೆಯ ಹಸಿರು ಪಟ್ಟಿಯೂ ಇತ್ತು. ಹೆಗಲಿನ ಮೇಲೆ ಏನೂ ಇರಲಿಲ್ಲ. ನುಣುಪಾಗಿ ಹೊಳೆಯುವ ಬರೀ ಗರಿ.

"ಮೇಡಂ, ನೀವು ಕ್ಲಾಸಿನಲ್ಲಿ ಬಿಡಿಸುತ್ತಿದ್ದ ಹೆಣ್ಣು ಇವಳೇ ಅಲ್ವಾ? ಮುಖವೇ ಇಲ್ಲ."

ಯಾವಾಗ ಹೋಯಿತು ಎಂದು ಸುನಂದಳನ್ನು ಕೇಳಿದೆ. ನನ್ನ ಧ್ವನಿ ಆರೋಪದ ಹಾಗೆ ಕೇಳಿಸಿರಬೇಕು.

"ಇದ್ದದ್ದು ಯಾವಾಗ ಮಾರಾಯ್ತಿ? ನಾನು ಕೂತ ಮೊದಲನೇ ವರ್ಷವೇ ಅರ್ಧ ಹೋಗಿತ್ತು. ಉಳಿದರ್ಧ ಹೋದದ್ದು ನನ್ನ ಹೆಬ್ಬೆರಳಿಗೆ. ಹಿಡಿಯುವ ಜಾಗ ಅದೇ ಅಲ್ವಾ?"

ಅವಳು ಬೆರಳನ್ನು ಗರಿಗೆ ತಾಗಿಸದೆ ಮೇಲೆ ಹಿಡಿದು ತೋರಿಸಿದಳು. ಚಿಕ್ಕತ್ತೆ, ಅದಕ್ಕೂ ಮೊದಲು ಯಾರು ಯಾರೋ, ಆ ಮನೆಯ ಒಣ ಕೈಯ ಮಕ್ಕಳೆಲ್ಲ ಬೆರಳಿಟ್ಟ ಜಾಗ ಅದು. ಬೆವರು ತಾಗದೆಯೂ ಬಣ್ಣ ಹೋಗಿತ್ತು. ನಾನು ಭುಜದ ಮೇಲಿನಿಂದ ನೋಡಿದ್ದು ಅರ್ಧ ಮುಖವನ್ನಾದರೆ ಮೂಗುತಿ ಯಾವ ಅರ್ಧದಲ್ಲಿತ್ತು? ತಡೆದುಕೊಂಡ ಆ ತುಟಿಯನ್ನು ಬರೆದವರು ಯಾರು? ಇಷ್ಟು ವರ್ಷ ಕಲಿಸಿದವಳಿಗೆ ಆಗ ಆಗಬೇಕಾದದ್ದು ಚಿತ್ರ ಹಾಳಾಯಿತಲ್ಲ ಎಂಬ ದುಃಖ. ನನಗೆ ಆದದ್ದು ಅದಲ್ಲ. ಖಾಲಿ ಜಾಗದ ಆಕಾರವನ್ನು ನೋಡುತ್ತಿದ್ದೆ. ಅದು ಹೆಬ್ಬೆರಳಿನ ಆಕಾರ. ಆ ಗರಿಗೆ ಸುನಂದ ಗೊತ್ತಿದ್ದಳು. ನಾನು ಅಲ್ಲಿ ಎಲ್ಲೂ ಇರಲಿಲ್ಲ, ಒಂದು ಕಲೆಯಾಗಿ ಕೂಡ.

ಶ್ರಾವ್ಯ ಲ್ಯಾಪ್‌ಟಾಪಿನ ಮೇಲೆ ಕೈಯಿಟ್ಟು ಕಾಯುತ್ತಿದ್ದಳು. ಮುಖ ಹೇಗಿತ್ತೆಂದು ನಿಮ್ಮ ನೆನಪಿನಿಂದ ಬರೆಯಬಹುದಲ್ಲ ಎಂದಳು. ಬರೆಸಿದ್ದರೆ ಅದು ದಾಖಲೆಯಲ್ಲಿ ಹಾಗೆಯೇ ಉಳಿದುಬಿಡುತ್ತಿತ್ತು. ಮುಂದೆ ನೋಡುವವರೆಲ್ಲ ನನ್ನ ಮೂಗುತಿಯನ್ನೇ ನೋಡುತ್ತಿದ್ದರು.

"ಮುಖ ಸವೆದಿದೆ ಎಂದು ಬರಿ," ಎಂದೆ.

ಸುನಂದ ನಕ್ಕಳು. "ಯಾರ ಕೈಯಿಂದ ಅಂತಲೂ ಬರಿ ಮಗಳೇ. ನನ್ನ ಹೆಸರೂ ಎಲ್ಲಾದರೂ ಒಂದು ಕಡೆ ಇರಲಿ."

ಶ್ರಾವ್ಯ ನಗುತ್ತ ಟೈಪು ಮಾಡಹೊರಟವಳು ಒಪ್ಪಿಗೆಗೆಂದು ನನ್ನ ಕಡೆ ನೋಡಿದಳು.

"ಆಧಾರವಿಲ್ಲದ್ದನ್ನು ಬರೆಯುವ ಹಾಗಿಲ್ಲ," ಎಂದೆ. "ಮುಂದಿನ ಗರಿ."

ಅಂಚನ್ನು ಮಾತ್ರ ಹಿಡಿಯಿರಿ ಎಂದು ಶ್ರಾವ್ಯ ಹೇಳುವಷ್ಟರಲ್ಲಿ ಸುನಂದ ಹೆಬ್ಬೆರಳನ್ನು ಅದೇ ಜಾಗದಲ್ಲಿಟ್ಟು ಗರಿಯನ್ನು ಮಗುಚಿದಳು.